ಖಂಡೇಪೂಜೆ ಆದಮೇಲೆ ಸರಿದ ಸ್ಕೋಪುಗಳು

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಮಿಸ್ತ್ರಿಯಾರ, ಯಾವ ಸ್ಕೋಪ್ ಛಲೋ ಐತ್ರಿ?" ನಾನು ತಿರುಗಿ ಕೇಳುತ್ತೇನೆ, "ಯಾವ ಬಂದೂಕಕ್ಕ? ಎಷ್ಟು ದೂರಕ್ಕ? ಯಾರು ಮಾರಾಕತ್ತಾರ?" ಮೂರನೆಯ ಪ್ರಶ್ನೆ ಕೇಳಿದಾಗ ಅವರಿಗೆ ನಗು ಬರುತ್ತದೆ. ನನಗೆ ಬರುವುದಿಲ್ಲ. ಗಾಜು ಹೇಗಿದೆ ಎಂದು ನೋಡುವ ಮೊದಲು ಅದನ್ನು ಹೊಗಳುತ್ತಿರುವವನು ಯಾರು ಎಂದು ನೋಡಬೇಕು. ಇಷ್ಟು ಕಲಿಯುವಷ್ಟರಲ್ಲಿ ನನ್ನ ತಲೆಗೂದಲೆಲ್ಲ ಉದುರಿತ್ತು.

ನನ್ನದು ಶಿಗ್ಗಾಂವಿಯಲ್ಲಿ ಗಾಳಿ ಬಂದೂಕು ರಿಪೇರಿಯ ಅಂಗಡಿ. ಸ್ಪ್ರಿಂಗಿನಿಂದ ಹವಾ ಒತ್ತಿ ಸಣ್ಣ ಸೀಸದ ಗುಂಡು ಹಾರಿಸುವ ಬಂದೂಕು ಅದು. ಅದರ ಬೆನ್ನ ಮೇಲೆ ಕೂರುವ ದುರ್ಬೀನಿಗೆ ಸ್ಕೋಪು ಅನ್ನುತ್ತಾರೆ. ಬಂದೂಕು ರಿಪೇರಿ ಯಾರಾದರೂ ಮಾಡಿಯಾರು. ನನ್ನ ಹೆಸರು ನಡೆದದ್ದು ಸ್ಕೋಪು ಕೂರಿಸುವುದರಲ್ಲಿ, ನಾಲ್ಕು ಸ್ಕೋಪು ಮುಂದಿಟ್ಟರೆ ಯಾವುದು ಖರೆ, ಯಾವುದು ಖೊಟ್ಟಿ ಎಂದು ಹೇಳುವುದರಲ್ಲಿ. ಹೋದ ವರ್ಷ ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಅಂಗಡಿಯನ್ನು ತಂಗಿಯ ಮಗನಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದೇನೆ. ಕೂತರೂ ಚಟ ಬಿಟ್ಟಿಲ್ಲ. "ಚಾ ಪುಡಿ ಪ್ಯಾಕೀಟನ್ನೂ ಬೆಳಕಿಗೆ ಹಿಡದು ನೋಡ್ತಾರ ಇವ್ರು. ನಾ ಕಾಸಿದ ಚಾ ಕುಡೀತಾರಲ್ಲ, ಅದ ದೊಡ್ಡದು," ಎಂದು ನನ್ನ ಹೆಂಡತಿ ಬಂದವರ ಮುಂದೆ ಹೇಳುತ್ತಾಳೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದಿದವರು ನನ್ನನ್ನೇ ಖೊಟ್ಟಿ ಅನ್ನುತ್ತಾರೆ. ದೊಡ್ಡ ಕೂಟಗಳ ಹತ್ತು ಮೀಟರಿನ ಸ್ಪರ್ಧೆಯಲ್ಲಿ ಸ್ಕೋಪು ಇಡುವಂತಿಲ್ಲ. ಅಲ್ಲಿ ಸಣ್ಣ ತೂತಿನೊಳಗಿಂದ ಗುರಿ ನೋಡಬೇಕು. ನಾನು ಹೇಳುತ್ತಿರುವುದು ನಮ್ಮ ಕಡೆಯ ಕ್ಲಬ್ಬುಗಳ ಆಟದ ಮಾತು. ಇಪ್ಪತ್ತೈದು ಮೀಟರ್ ದೂರದಲ್ಲಿ ಕಾಗದದ ಗುರಿ, ಇಲ್ಲವೇ ಬಡಿದರೆ ಬೀಳುವ ತಗಡಿನ ಬಿಲ್ಲೆ. ಅಲ್ಲಿ ಸ್ಕೋಪು ಇಲ್ಲದೆ ನಡೆಯುವುದಿಲ್ಲ.

ನನಗೆ ಗಾಜು ಕಲಿಸಿದವರು ಸವಣೂರಿನ ದಾವಲಸಾಬರು. ಗಡಿಯಾರ, ಚಷ್ಮಾ, ದುರ್ಬೀನು ಮೂರನ್ನೂ ಒಂದೇ ಮೇಜಿನ ಮೇಲೆ ರಿಪೇರಿ ಮಾಡುತ್ತಿದ್ದರು. ಬಾಯಲ್ಲಿ ಸದಾ ಸವಣೂರಿನ ವೀಳ್ಯದೆಲೆ. ಹೊಸ ಸ್ಕೋಪು ಬಂತೆಂದರೆ ಅದನ್ನು ಕಿಟಕಿಯಲ್ಲಿ ಬಿಗಿಯಾಗಿ ಕಟ್ಟಿ, ದೂರದ ದೊಡ್ಡಹುಣಸೆ ಮರದ ತುದಿಗೆ ತಿರುಗಿಸಿ, "ನೋಡು" ಅನ್ನುತ್ತಿದ್ದರು. ನಾನು ಮೊದಲ ಸಲ ನೋಡಿ, "ಭಾಳ ಸ್ವಚ್ಛ ಕಾಣ್ತೈತ್ರಿ," ಎಂದೆ.

"ನಡುವ ನೋಡಿದಿ. ನಡುವ ಎಲ್ಲಾವೂ ಸ್ವಚ್ಛನ ಕಾಣ್ತಾವು. ಅಂಚು ನೋಡು. ಆಮ್ಯಾಲ ತಲಿ ಅಲ್ಲಾಡ್ಸು."

ಅಂಚಿನಲ್ಲಿ ಎಲೆಗಳು ಮಸುಕಾಗಿ ಬಾಗಿದ್ದವು. ತಲೆಯನ್ನು ಸ್ವಲ್ಪ ಆಚೀಚೆ ಆಡಿಸಿದರೆ ಸ್ಕೋಪಿನೊಳಗಿನ ಅಡ್ಡಗೆರೆ ಎಲೆಯ ಮೇಲಿಂದ ಪಕ್ಕಕ್ಕೆ ಓಡುತ್ತಿತ್ತು. ಸ್ಕೋಪು ಅಲುಗಿಲ್ಲ, ಎಲೆ ಅಲುಗಿಲ್ಲ, ಗೆರೆ ಮಾತ್ರ ಓಡುತ್ತಿದೆ. ಗಾಳಿ ಬಂದೂಕಿನ ಸ್ಕೋಪಿಗೆ ಇದೇ ದೊಡ್ಡ ರೋಗ. ದೂರದ ಬೇಟೆಗೆಂದು ಮಾಡಿದ ಸ್ಕೋಪನ್ನು ಹತ್ತಿರದ ಗುರಿಗೆ ಹಿಡಿದರೆ ಹೀಗಾಗುತ್ತದೆ. ಕೆನ್ನೆ ಇಟ್ಟ ಜಾಗ ಒಂದಿಷ್ಟು ಬದಲಾದರೂ ಗುಂಡು ಬೇರೆ ಕಡೆ ಹೋಗುತ್ತದೆ. ಅದಕ್ಕೇ ಗಾಳಿ ಬಂದೂಕಿಗೆ ಕೊಳ್ಳುವಾಗ ಹತ್ತಿರದ ದೂರಕ್ಕೆ ಹೊಂದಿಸಿಕೊಳ್ಳುವ ಉಂಗುರ ಇದೆಯೇ ಎಂದು ನೋಡಬೇಕು. ಅದು ಇಲ್ಲದಿದ್ದರೆ ಎಷ್ಟು ದೊಡ್ಡದಾಗಿ ಕಂಡರೂ ಉಪಯೋಗವಿಲ್ಲ.

ದಾವಲಸಾಬರು ಯಾರನ್ನೂ ನಂಬುತ್ತಿರಲಿಲ್ಲ, ಆದರೆ ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ. ಈ ಎರಡನೆಯ ಗುಣ ನನಗೆ ಬರಲಿಲ್ಲ.

ಅಕ್ಕಿಆಲೂರಿನ ಒಬ್ಬ ಅಕ್ಕಿ ಗಿರಣಿ ಮಾಲೀಕರು ಒಮ್ಮೆ ಮಖಮಲ್ಲಿನ ಪೆಟ್ಟಿಗೆಯಲ್ಲಿ ಒಂದು ಭಾರೀ ಸ್ಕೋಪು ತಂದರು. ದೊಡ್ಡ ಕಾಡತೂಸಿನ ಬಂದೂಕಿಗೆಂದು ಮಾಡಿದ್ದು, ಯಾರೋ ಬೀಗರು ಉಡುಗೊರೆ ಕೊಟ್ಟಿದ್ದರಂತೆ. ಅದನ್ನು ಗಾಳಿ ಬಂದೂಕಿಗೆ ಹಾಕಬೇಡಿ ಎಂದೆ. ಕೇಳಲಿಲ್ಲ. ಹಾಕಿಸಿಕೊಂಡು ಹೋದವರು ಒಂದು ವಾರದಲ್ಲಿ ತಿರುಗಿ ಬಂದರು. ಒಳಗಿನ ಗೆರೆ ಮುರಿದು ಓರೆಯಾಗಿ ಬಿದ್ದಿತ್ತು.

"ಇಷ್ಟು ತುಟ್ಟಿ ಮಾಲು ತಾನಾಗೇ ಹೆಂಗ ಒಡೀತೈತಿ? ನೀವು ಒಳಗಿಂದು ತಗದು ಬ್ಯಾರೆ ಹಾಕೀರಿ," ಎಂದರು.

ನಾನು ಅವರ ಗಿರಣಿಗೇ ಹೋಗಿ ತೌಡಿನ ಚೀಲದ ಮೇಲೆ ಬಂದೂಕನ್ನು ಸಡಿಲವಾಗಿ ಮಲಗಿಸಿ ಹಾರಿಸಿದೆ. ಅವರ ಅಳಿಯ ಮೊಬೈಲಿನಲ್ಲಿ ನಿಧಾನವಾಗಿ ಓಡುವ ಹಾಗೆ ಚಿತ್ರ ತೆಗೆದ. ಬಂದೂಕು ಮೊದಲು ಹಿಂದಕ್ಕೆ ಜರುಗಿತು, ಆಮೇಲೆ ಜಗ್ಗಿದ ಹಾಗೆ ಮುಂದಕ್ಕೆ ಹೋಯಿತು. ಕಾಡತೂಸಿನ ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ, ಆ ಸ್ಕೋಪಿನ ಗಾಜುಗಳನ್ನು ಅದಕ್ಕೆ ತಕ್ಕಂತೆ ಕೂರಿಸಿರುತ್ತಾರೆ. ಸ್ಪ್ರಿಂಗಿನ ಬಂದೂಕು ಎರಡೂ ಕಡೆ ಒದೆಯುತ್ತದೆ. ಬಂದೂಕು ಮುಂದಕ್ಕೆ ಜಗ್ಗಿದಾಗ ಸ್ಕೋಪು ಇದ್ದಲ್ಲೇ ಉಳಿಯಲು ನೋಡುತ್ತದೆ. ಅದನ್ನು ಬಂದೂಕಿಗೆ ಹಿಡಿದಿಡುವ ಕ್ಲಾಂಪು ಬಿಗಿ ಇಲ್ಲದಿದ್ದರೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಗಿರಣಿ ಮಾಲೀಕರು ಚಿತ್ರವನ್ನು ಮತ್ತೆ ಮತ್ತೆ ನೋಡಿ, "ಹಂಗಾದ್ರ ನಿಮ್ಮ ಬಂದೂಕದಾಗ ದೋಷ ಐತಿ," ಎಂದು ತೀರ್ಪು ಕೊಟ್ಟರು. ಇವತ್ತಿಗೂ ಎದುರು ಸಿಕ್ಕರೆ ನನ್ನ ಜೇಬಿನ ಕಡೆ ನೋಡುತ್ತಾರೆ.

ಹಾನಗಲ್ಲಿನ ಇಬ್ಬರು ಅಣ್ಣತಮ್ಮಂದಿರ ಕಥೆ ಬೇರೆ. ಇಬ್ಬರೂ ಬೇರೆ ಬೇರೆ ಕಂಪನಿಯ ಸ್ಕೋಪು ತರಿಸಿ, ಯಾವುದು ಮೇಲು ಎಂದು ಮಾತು ಬಿಡುವ ಮಟ್ಟಕ್ಕೆ ಹೋಗಿದ್ದರು. ನಾನು ಎರಡರ ಮೇಲಿನ ಹೆಸರನ್ನೂ ಇನ್ಸುಲೇಷನ್ ಟೇಪು ಸುತ್ತಿ ಮುಚ್ಚಿ, ಅದಲುಬದಲು ಮಾಡಿ ಕೊಟ್ಟು, ಹೊಡೆಯಿರಿ ಎಂದೆ. ಅಣ್ಣ ತಮ್ಮನದನ್ನು ಹೊಗಳಿದ. ತಮ್ಮ ಅಣ್ಣನದನ್ನು ಹೊಗಳಿದ. ಟೇಪು ಬಿಚ್ಚಿದಾಗ ಇಬ್ಬರೂ ಒಟ್ಟಾಗಿ ನನ್ನ ಮೇಲೆ ಬಿದ್ದರು. ಮಾತು ಬಿಟ್ಟವರು ಕೂಡಿದರಲ್ಲ, ಅಷ್ಟು ಸಾಕೆಂದು ನಾನು ಸುಮ್ಮನಾದೆ. ಅಂದಿನಿಂದ ಹೆಸರು ಮುಚ್ಚದೆ ಯಾವ ಸ್ಕೋಪನ್ನೂ ಹೋಲಿಸಿಲ್ಲ.

ಈಗಿನವರ ರೀತಿ ಬದಲಾಗಿದೆ. ಮೊಬೈಲಿನಲ್ಲಿ ಯಾರೋ ಸ್ಕೋಪಿನೊಳಗೆ ಕ್ಯಾಮೆರಾ ಇಟ್ಟು ತೋರಿಸುತ್ತಾರೆ, ಇವರು ನಂಬುತ್ತಾರೆ. ಅದು ನೋಡಿದ್ದು ಕ್ಯಾಮೆರಾ, ನಿಮ್ಮ ಕಣ್ಣಲ್ಲ. ನನ್ನ ರೀತಿ ಹಳೆಯದು. ಗುರಿಗೆ ಹೊಂದಿಸಿದ ಮೇಲೆ ಮೇಲಿನ ಗುಂಡಿಯನ್ನು ಇಷ್ಟು ತಿರುವು, ಪಕ್ಕದ ಗುಂಡಿಯನ್ನು ಅಷ್ಟೇ ತಿರುವು, ಮತ್ತೆ ಕೆಳಗೆ, ಮತ್ತೆ ಪಕ್ಕಕ್ಕೆ. ಕಾಗದದ ಮೇಲೆ ಗುಂಡಿನ ತೂತುಗಳು ಚೌಕವಾಗಿ ನಡೆದು ಹೊರಟಲ್ಲಿಗೇ ಬರಬೇಕು. ಬರದಿದ್ದರೆ ಆ ಸ್ಕೋಪು ಸುಳ್ಳು ಹೇಳುತ್ತಿದೆ ಎಂದು ಲೆಕ್ಕ. ಅದರ ಮೇಲೆ ಯಾವ ದೇಶದ ಹೆಸರು ಬರೆದಿದ್ದರೂ ಅಷ್ಟೇ.

ಇಷ್ಟೆಲ್ಲ ಹೇಳಿದ್ದು ಒಂದು ಸಂಗತಿ ಹೇಳುವುದಕ್ಕಾಗಿ. ಅದು ನಡೆದದ್ದು ತಡಸದಲ್ಲಿ.

ತಡಸದ ಹೊರಗೆ ಒಂದು ಖಾಲಿ ಗೋದಾಮಿನಲ್ಲಿ ನಮ್ಮ ಕ್ಲಬ್ಬು ನಡೆಯುತ್ತಿತ್ತು. ಅದರ ಕಾರ್ಯದರ್ಶಿ ಬಸನಗೌಡರು, ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿ ನಿವೃತ್ತರಾದವರು. ಅವರು ಹೇಳಿದಂತೆ ನಾನು ಕೇಳಬೇಕು, ಹಾಗೆ ನಡೆದುಬಂದಿತ್ತು. ಸೀಟಿ ಊದುವುದನ್ನು ಬಿಟ್ಟಿದ್ದರೂ ಸೀಟಿ ಊದಿದ ಹಾಗೆಯೇ ಮಾತಾಡುತ್ತಿದ್ದರು. ಶಿಸ್ತಿನ ಮನುಷ್ಯ, ದೈವಭಕ್ತ. ಕ್ಲಬ್ಬಿನ ಎಲ್ಲ ಬಂದೂಕಿಗೂ ಒಂದೇ ತರಹದ ಸ್ಕೋಪು ಕೊಳ್ಳಬೇಕೆಂದು ತೀರ್ಮಾನಿಸಿ, ಹೋಲಿಕೆಯ ಪರೀಕ್ಷೆಯನ್ನು ನನಗೆ ವಹಿಸಿದರು. ಅದೇ ದಿನ ಯಾರು ಚೆನ್ನಾಗಿ ಹೊಡೆಯುತ್ತಾರೋ ಅವರನ್ನೇ ಹುಬ್ಬಳ್ಳಿಯ ಕೂಟಕ್ಕೆ ಕಳಿಸುವುದೆಂದೂ ಗೊತ್ತು ಮಾಡಿದರು. ಎರಡನ್ನೂ ಒಂದೇ ದಿನ ಇಟ್ಟದ್ದು ಯಾಕೆಂದು ನನಗೆ ಆಗಲೇ ಅನುಮಾನ ಬಂದಿತ್ತು. ದೊಡ್ಡ ಕಂಪನಿಯ ಏಜೆಂಟನೊಬ್ಬ ಗೌಡರ ಮನೆಗೆ ಬಂದು ಹೋದದ್ದನ್ನು ನಾನು ನೋಡಿದ್ದೆ. ಏಜೆಂಟರು ಮನೆಗೆ ಬಂದರೆ ಸುಮ್ಮನೆ ನೀರು ಕುಡಿದು ಹೋಗುವುದಿಲ್ಲ.

ಕ್ಲಬ್ಬಿನ ಐದು ಬಂದೂಕುಗಳಿಗೆ ಎರಡು ದೊಡ್ಡ ಕಂಪನಿಗಳ ಸ್ಕೋಪು ಕೂರಿಸಿದೆ. ಆರನೆಯದು ರೇಣುಕಾಳ ಸ್ವಂತ ಬಂದೂಕು. ರೇಣುಕಾ ಹಿರೇಬೆಂಡಿಗೇರಿಯ ಹುಡುಗಿ, ಡಿಗ್ರಿ ಕೊನೆಯ ವರ್ಷ. ಹೊಲದ ಅಟ್ಟದ ಮೇಲೆ ಅಜ್ಜನ ಜೊತೆ ಕೂತು ಕವಣೆಯಲ್ಲಿ ಕಲ್ಲು ಬೀಸಿ ಗಿಳಿ ಓಡಿಸುತ್ತ ಬೆಳೆದವಳು, ಕ್ಲಬ್ಬಿನಲ್ಲಿ ಅವಳಷ್ಟು ನಿಧಾನಸ್ಥರು ಯಾರೂ ಇರಲಿಲ್ಲ. ಅವಳನ್ನು ಇಲ್ಲಿಗೆ ಕಳಿಸಲು ಅಪ್ಪನಿಗೆ ಅಷ್ಟೇನೂ ಮನಸ್ಸಿರಲಿಲ್ಲ, ಅಜ್ಜ ಹೇಳಿದ್ದಕ್ಕೆ ಒಪ್ಪಿದ್ದ. ಒಂದು ಕೆಟ್ಟ ಮಾತು ಬಂದರೂ ಮನೆಯಿಂದ ಹೊರಗೆ ಬಿಡುವುದಿಲ್ಲ ಎಂಬ ಷರತ್ತು ಹಾಕಿದ್ದ. ಇದನ್ನು ಅವಳೇ ನಗುತ್ತ ಹೇಳಿದ್ದಳು. ಅವಳ ಬಂದೂಕಿನ ಮೇಲಿದ್ದ ಸ್ಕೋಪು ಎಲ್ಲಕ್ಕಿಂತ ಅಗ್ಗದ್ದು. ಹಿರೇಕೆರೂರಿನಲ್ಲಿ ಔಷಧ ಹೊಡೆಯುವ ಪಂಪು, ಬ್ಯಾಟರಿ, ಗಾಳಿ ಬಂದೂಕು ಮಾರುವ ಅವಳ ಸೋದರಮಾವ ಫಕ್ಕೀರಪ್ಪ ಕೊಟ್ಟದ್ದು. ಪರೀಕ್ಷೆಯಲ್ಲಿ ಅದು ಗೆದ್ದರೆ ಕ್ಲಬ್ಬು ಅವನ ಅಂಗಡಿಯಿಂದಲೇ ಕೊಳ್ಳಬೇಕಾಗುತ್ತಿತ್ತು. ಈ ಸಂಬಂಧ ಗೊತ್ತಾದ ದಿನವೇ ನಾನು ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದೆ.

ನವರಾತ್ರಿಗೆ ಮುಂಚೆ ಆರೂ ಬಂದೂಕುಗಳನ್ನು ನಾನೇ ಗುರಿಗೆ ಹೊಂದಿಸಿ, ಕ್ಲಾಂಪಿನ ಸ್ಕ್ರೂಗಳನ್ನು ಬಿಗಿ ಮಾಡಿ, ಕ್ಲಾಂಪು ನಿಂತ ಜಾಗದ ಹಿಂದೆ ಬಂದೂಕಿನ ಮೇಲೆ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದೆ. ಐದನ್ನು ಗೋದಾಮಿನಲ್ಲಿ ಇಟ್ಟೆವು. ರೇಣುಕಾ ತನ್ನದನ್ನು ಮನೆಗೆ ಒಯ್ದಳು. ಪರೀಕ್ಷೆಯ ತನಕ ಯಾರೂ ಹಾರಿಸಬಾರದೆಂದು ಹೇಳಿದೆ. ಗೋದಾಮಿನ ಕೀಲಿ ಎರಡು, ಒಂದು ಗೌಡರ ಹತ್ತಿರ, ಇನ್ನೊಂದು, ದಿನವೂ ಬೆಳಿಗ್ಗೆ ಬಂದು ಬಾಗಿಲು ತೆಗೆಯುತ್ತಿದ್ದ ರೇಣುಕಾಳ ಹತ್ತಿರ.

ನಮ್ಮ ಕಡೆ ಖಂಡೇಪೂಜೆ ಅನ್ನುವ ಆಯುಧಪೂಜೆ, ದಸರೆ ಕಳೆದು ಎರಡನೆಯ ಭಾನುವಾರ ಪರೀಕ್ಷೆ. ಬೆಳಿಗ್ಗೆ ಎಲ್ಲರೂ ಸೇರಿದರು. ಮೊದಲನೆಯ ಬಂದೂಕು ಹೊಡೆದಾಗ ಗುಂಡು ಗುರಿಗಿಂತ ಮೇಲೆ ಹೋಯಿತು. ಮುಂದಿನ ಗುಂಡು ಇನ್ನೂ ಮೇಲೆ. ಎರಡನೆಯ ಬಂದೂಕು ಪಕ್ಕಕ್ಕೆ. ಮೂರು, ನಾಲ್ಕು, ಐದು, ಯಾವುದೂ ನಿಲ್ಲಲಿಲ್ಲ. ಹೊಡೆದಷ್ಟೂ ಚದುರಿದವು. ತುಟ್ಟಿ ಕಂಪನಿ, ಕಡಿಮೆ ಕಂಪನಿ ಎಂಬ ಭೇದವಿಲ್ಲದೆ ಐದೂ ಕೆಟ್ಟವು. ಕೊನೆಗೆ ರೇಣುಕಾ ತನ್ನ ಬಂದೂಕು ಹೊಡೆದಳು. ಗುಂಡುಗಳು ಒಂದರ ಪಕ್ಕ ಒಂದು ಕೂತವು.

ಗೋದಾಮಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಐದು ಬಂದೂಕುಗಳನ್ನೂ ಕಿಟಕಿಯ ಬೆಳಕಿಗೆ ತಂದು ನೋಡಿದೆ. ಎಲ್ಲದರಲ್ಲೂ ಸ್ಕೋಪಿನ ಕ್ಲಾಂಪು ಪೆನ್ಸಿಲ್ ಗೆರೆಯ ಮೇಲೆ ಹತ್ತಿ, ಹಿಂದಕ್ಕೆ ಸರಿದಿತ್ತು. ರೇಣುಕಾಳದು ಮಾತ್ರ ಗೆರೆ ದಾಟಿರಲಿಲ್ಲ.

"ಯಾರೋ ಸಡ್ಲು ಮಾಡ್ಯಾರ," ಎಂದರು ಗೌಡರು.

ನನಗೂ ಅದೇ ತೋಚಿತ್ತು. ಐದು ಬಂದೂಕಿನ ಕ್ಲಾಂಪು ಒಟ್ಟಿಗೆ ತಾವಾಗಿಯೇ ಸಡಿಲಾಗುವುದಿಲ್ಲ. ಸ್ಕ್ರೂ ತಿರುವುವ ಎಲನ್ ಕೀ ತೆಗೆದು ಮೊದಲನೆಯ ಬಂದೂಕಿನ ಸ್ಕ್ರೂಗೆ ಜೋರಾಗಿ ಒತ್ತಿ ಹಾಕಿ ತಿರುವಿದೆ. ಅದು ಬಿಗಿಯಾಗಿತ್ತು. ನಾನು ಎಷ್ಟು ಬಿಗಿ ಮಾಡಿದ್ದೆನೋ ಅಷ್ಟೇ.

"ಬಿಗಿ ಐತ್ರಿ," ಎಂದೆ.

"ಸಡ್ಲು ಮಾಡಿ, ಸರಿಸಿ, ಮತ್ತ ಬಿಗಿ ಮಾಡ್ಯಾರ. ಗೊತ್ತಾಗಬಾರದಂತ." ಗೌಡರು ರೇಣುಕಾಳ ಕಡೆ ತಿರುಗಿದರು. "ಕೀಲಿ ನಿನ್ನ ಕಡೆ ಇತ್ತಲ್ಲವಾ?"

"ಇತ್ರಿ ಸರ್."

"ಹಬ್ಬದಾಗ ಎಲ್ಲಾರೂ ಬಂದಿದ್ರು. ಖಂಡೇಪೂಜಿಗೂ ನೀ ಬರಲಿಲ್ಲ, ಬನ್ನಿ ಕೊಡಾಕೂ ಬರಲಿಲ್ಲ. ಬಂದೂಕಾನೂ ತರಲಿಲ್ಲ. ಯಾಕ?"

"ಮನ್ಯಾಗ ಸೂತಕ ಇತ್ರಿ."

"ಸೂತಕ ಇದ್ರ ಕೀಲಿ ಯಾರ ಕಡೇಲೆ ಆದ್ರೂ ಕಳಸಬೇಕಿತ್ತಿಲ್ಲ? ಅಷ್ಟೂ ದಿವಸ ಕೀಲಿ ಎಲ್ಲಿತ್ತು?"

"ನಮ್ಮ ಮನ್ಯಾಗ ಗೂಟಕ್ಕ ಇತ್ರಿ."

"ನಿಮ್ಮ ಮಾವ ಬಂದಿದ್ದನ ಆಗ?"

"ಬಂದಿದ್ರು," ಎಂದಳು.

ಗೌಡರು ನನ್ನ ಮುಖ ನೋಡಿದರು. ಫಕ್ಕೀರಪ್ಪ ಬಂದಿದ್ದ, ಕೀಲಿ ಅಲ್ಲೇ ಇತ್ತು, ಅವನ ಸ್ಕೋಪು ಗೆದ್ದಿದೆ. ನನ್ನ ಮನಸ್ಸಿನಲ್ಲೂ ಒಂದಕ್ಕೊಂದು ಕೂಡಿಕೊಂಡುಬಿಟ್ಟಿತು. ಹುಡುಗಿ ಮಾಡಿರಲಿಕ್ಕಿಲ್ಲ, ಮಾವ ಮಾಡಿದ್ದಾನೆ, ಹುಡುಗಿಗೆ ಗೊತ್ತಿದೆ ಎಂದು ಲೆಕ್ಕ ಹಾಕಿದೆ. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅದನ್ನೂ ನಾನು ಅನುಮಾನದಿಂದಲೇ ನೋಡಿದೆ.

"ಮಿಸ್ತ್ರಿ, ಎಲ್ಲಾರ ಮುಂದ ಹೇಳ್ರಿ. ಇದು ಕೈಯಾರೆ ಮಾಡಿದ್ದು ಹೌದೋ ಅಲ್ಲೋ? ನೀವು ಹೌದು ಅಂದ್ರ ಇವತ್ತ ಇಕಿ ಹೆಸರು ತಗೀತೇನಿ. ಅವರಪ್ಪಗೂ ಫೋನ್ ಮಾಡ್ತೇನಿ."

ಅಪ್ಪ ಎಂದ ಕೂಡಲೇ ರೇಣುಕಾ ತಲೆ ಎತ್ತಿ ನನ್ನನ್ನು ನೋಡಿದಳು. ಗೌಡರನ್ನು ನೋಡಲಿಲ್ಲ. ಹೌದು ಎಂಬ ಮಾತು ಬಾಯಿಗೆ ಬಂದಿತ್ತು, ಆದರೂ, "ಉಳಿದ ನಾಕೂ ನೋಡಿ ಹೇಳ್ತೇನ್ರಿ," ಎಂದೆ. ಇದೇನು ಕರುಣೆಯಲ್ಲ. ಒಂದನ್ನು ನೋಡಿ ಐದರ ತೀರ್ಪು ಹೇಳುವುದು ನನ್ನ ಜಾಯಮಾನವಲ್ಲ, ಅಷ್ಟೇ.

ಎರಡನೆಯ ಬಂದೂಕನ್ನು ಮಡಿಲಲ್ಲಿ ಇಟ್ಟುಕೊಂಡು ಸ್ಕ್ರೂಗೆ ಕೀ ಹಾಕಲು ಹೋದೆ. ಅದು ಒಳಗೆ ಹೋಗಲಿಲ್ಲ. ಸ್ಕ್ರೂ ತಲೆಯ ಆರು ಮೂಲೆಯ ಗುಳಿ ತುಂಬಿಕೊಂಡಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಕುಂಕುಮ. ವಿಭೂತಿ ಮತ್ತು ಕುಂಕುಮ ನೀರಲ್ಲಿ ಕಲಸಿ ಹಚ್ಚಿದ್ದು, ಒಣಗಿ ಗಟ್ಟಿಯಾಗಿ ಗುಳಿಯೊಳಗೆ ಕೂತಿತ್ತು. ಪಕ್ಕದ ಸ್ಕ್ರೂನಲ್ಲೂ ಹಾಗೇ. ಮೂರನೆಯ ಬಂದೂಕು, ನಾಲ್ಕನೆಯದು, ಐದನೆಯದು, ಪ್ರತಿಯೊಂದು ಸ್ಕ್ರೂ ತಲೆಗೂ ಭಕ್ತಿಯಿಂದ ಒಂದೊಂದು ಬೊಟ್ಟು. ಹಬ್ಬದ ನಂತರ ನಮ್ಮ ಕಡೆ ಸೈಕಲ್ಲು, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಕಂಪ್ಯೂಟರು ಎಲ್ಲಕ್ಕೂ ಕುಂಕುಮ ಇರುತ್ತದೆ. ಕಣ್ಣಿಗೆ ಬೀಳುತ್ತದೆ, ಆದರೆ ಯಾರೂ ಅದನ್ನು ನೋಡುವುದಿಲ್ಲ. ಬೆಳಗಿನಿಂದ ನಾನೂ ನೋಡಿರಲಿಲ್ಲ.

ಬೊಟ್ಟು ಒಡೆದಿಲ್ಲ, ಬಿರುಕೂ ಇಲ್ಲ. ಪೂಜೆಯ ದಿನದಿಂದ ಇಲ್ಲಿಯತನಕ ಆ ಗುಳಿಗಳೊಳಗೆ ಯಾರ ಎಲನ್ ಕೀಯೂ ಇಳಿದಿಲ್ಲ. ಮೊದಲನೆಯ ಬಂದೂಕಿನ ಬೊಟ್ಟನ್ನು ಒಡೆದವನು ನಾನೇ, ಸ್ವಲ್ಪ ಹೊತ್ತಿನ ಹಿಂದೆ, ಎಲ್ಲರ ಮುಂದೆ.

ಹಾಗಾದರೆ ಬಿಗಿಯಿದ್ದ ಕ್ಲಾಂಪು ಸರಿದದ್ದು ಹೇಗೆ? ಬಂದೂಕಿನ ಬೆನ್ನ ಮೇಲೆ ಬೆರಳು ಎಳೆದೆ. ಬೆರಳು ಜಾರಿತು. ಮೂಗಿಗೆ ಹಿಡಿದರೆ ಕೊಬ್ಬರಿ ಎಣ್ಣೆಯ ವಾಸನೆ.

"ಗೌಡ್ರ, ಖಂಡೇಪೂಜಿ ಭಾಳ ಛಲೋ ಮಾಡೀರಿ. ಬಂದೂಕಕ್ಕ ಎಣ್ಣಿ ಹಚ್ಚಿದವರು ಯಾರ್ರಿ?" ಎಂದು ಕೇಳಿದೆ.

"ಮತ್ತ್ಯಾರು, ನಾನ ಹಚ್ಚೇನಿ," ಎಂದರು ಗೌಡರು ಎದೆ ಮುಂದೆ ಮಾಡಿ. "ಕಬ್ಬಿಣ ಅಂದಮ್ಯಾಲ ಎಣ್ಣಿ ಹಚ್ಚಿ ತಿಕ್ಕಿ ಪೂಜಿ ಮಾಡಬೇಕು. ಅರ್ಧ ತಂಬಿಗಿ ಎಣ್ಣಿ ಹೋತು. ಕ್ಲಾಂಪಿನ ಸಂದ್ಯಾಗೂ ಹತ್ತಿಲೆ ಬಿಟ್ಟೇನಿ, ಜಂಗ್ ಹಿಡೀಬಾರದಂತ."

ಕೊನೆಯ ಶಬ್ದ ಹೇಳುವಾಗ ಅವರ ದನಿ ಇಳಿಯಿತು. ಹೈಸ್ಕೂಲಿನಲ್ಲಿ ಪಾಠ ಹೇಳಿದ ಮನುಷ್ಯ, ತನ್ನ ಮಾತು ತಾನೇ ಕೇಳಿಸಿಕೊಂಡರೆ ಅರ್ಥವಾಗುತ್ತದೆ. ಸಂದಿಯಲ್ಲಿ ಬಿಟ್ಟ ಎಣ್ಣೆ ಅಷ್ಟು ದಿನ ನಿಧಾನವಾಗಿ ಕ್ಲಾಂಪಿನ ಕೆಳಗೆ ಇಳಿದಿತ್ತು. ಸ್ಕ್ರೂ ಎಷ್ಟು ಬಿಗಿಯಿದ್ದರೇನು, ಹಿಡಿದುಕೊಳ್ಳುವ ಜಾಗವೇ ಜಾರುತ್ತಿತ್ತು. ಬಂದೂಕು ಎರಡೂ ಕಡೆ ಒದೆದ ಹಾಗೆಲ್ಲ ಸ್ಕೋಪು ಹಿಂದಕ್ಕೆ ಸರಿಯಿತು. ಏಜೆಂಟನ ಕಡೆಯವನೆಂದು ನಾನು ಸಂಶಯಪಟ್ಟಿದ್ದ ಮನುಷ್ಯ, ಅದೇ ಏಜೆಂಟನ ಸ್ಕೋಪುಗಳನ್ನು ತನ್ನ ಕೈಯಾರೆ ಕೆಡಿಸಿದ್ದ. ನನ್ನ ಆ ಲೆಕ್ಕವೂ ತಪ್ಪಿತ್ತು.

ಎಲ್ಲರಿಗೂ ಕುಂಕುಮ ತೋರಿಸಿದೆ, ಎಣ್ಣೆ ತೋರಿಸಿದೆ. ರೇಣುಕಾಳ ಬಂದೂಕನ್ನೂ ತೋರಿಸಿದೆ. ಅದರ ಮೇಲೆ ಬೊಟ್ಟೂ ಇರಲಿಲ್ಲ, ಎಣ್ಣೆಯೂ ಇರಲಿಲ್ಲ. ಸೂತಕದ ಮನೆಯಲ್ಲಿ ಪೂಜೆ ಆಗಿರಲಿಲ್ಲ, ಅದಕ್ಕೇ ಅದು ಸರಿದಿರಲಿಲ್ಲ.

ಗೌಡರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ತಂಗಿ, ನೀ ಮೊದಲ ಬಾಯಿಬಿಟ್ಟು ಹೇಳಬೇಕಿತ್ತಲ್ಲ," ಎಂದರು.

"ಹೇಳಿದೆನಲ್ರಿ ಸರ್, ಸೂತಕ ಇತ್ತು ಅಂತ." ರೇಣುಕಾ ನನ್ನ ಕೈಯಿಂದ ತನ್ನ ಬಂದೂಕನ್ನು ತೆಗೆದುಕೊಂಡಳು. "ಕೀಲಿ ಎಲ್ಲಿತ್ತು ಅಂತ ಕೇಳಿದ್ರಿ. ಮಾವ ಬಂದಿದ್ದನ ಅಂತ ಕೇಳಿದ್ರಿ. ಮಣ್ಣಿಗೆ ಬಂದಿದ್ದರ್ರಿ ಅವರು. ಯಾರು ತೀರಿಕೊಂಡ್ರು ಅಂತ ಒಬ್ರೂ ಕೇಳಲಿಲ್ಲ."

ಗೋದಾಮಿನಲ್ಲಿ ಹತ್ತು ಹನ್ನೆರಡು ಮಂದಿ ಇದ್ದೆವು. ಎಲ್ಲರಿಗೂ ನೆಲ ನೋಡುವ ಕೆಲಸ ಬಂತು.

"ಯಾರವ್ವಾ?" ಎಂದು ನಾನು ಕೇಳಿದೆ.

"ಅಜ್ಜ," ಎಂದಳು. ಆಗ ಅತ್ತಳು.

ಅವತ್ತೇ ಕ್ಲಾಂಪುಗಳನ್ನೆಲ್ಲ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ, ಮತ್ತೆ ಕೂರಿಸಿದೆ. ಮುಂದಿನ ಭಾನುವಾರ ಪರೀಕ್ಷೆ ಮತ್ತೆ ನಡೆಯಿತು. ಈ ಸಲ ಎಲ್ಲವೂ ನಿಂತವು. ಫಕ್ಕೀರಪ್ಪನ ಸ್ಕೋಪು ಗೆಲ್ಲಲಿಲ್ಲ, ನಡುವೆ ಬಂತು. ಬೆಳಕಿದ್ದಾಗ ಅಡ್ಡಿಯಿಲ್ಲ, ಸಂಜೆ ಮಬ್ಬಾಗುತ್ತದೆ, ಚೌಕದ ಪರೀಕ್ಷೆಯಲ್ಲಿ ಒಂದು ಮೂಲೆ ತಪ್ಪುತ್ತದೆ ಎಂದು ಹೇಳಿದೆ. ಎರಡು ಕಂಪನಿಗಳಲ್ಲಿ ಕಡಿಮೆ ಬೆಲೆಯದನ್ನು ಕ್ಲಬ್ಬು ಕೊಂಡಿತು. ಮಾವ ಕೊಟ್ಟ ಆ ಮಬ್ಬು ಸ್ಕೋಪಿನಲ್ಲೇ ಹೊಡೆದು ರೇಣುಕಾ ಮೊದಲು ಬಂದಳು. ಹುಬ್ಬಳ್ಳಿಗೆ ಅವಳ ಹೆಸರನ್ನೇ ಗೌಡರು ಕಳಿಸಿದರು.

ಹೊಸಬರಿಗೆ ಹೇಳಬೇಕಾದ ಕೆಲಸದ ಮಾತು ಇಲ್ಲಿಗೆ ಮುಗಿಯಿತು. ಕ್ಲಾಂಪು ಕೂರುವ ಜಾಗ ಒಣಗಿರಲಿ, ಪೂಜೆಯ ಎಣ್ಣೆ ಬಂದೂಕಿನ ಕೊಳವೆಗೆ ಇರಲಿ, ಬೊಟ್ಟು ಕಟ್ಟಿಗೆಯ ಹಿಡಿಗೆ ಇರಲಿ. ಸಂಶಯ ಬಿಡಬೇಡಿ, ಈ ಕೆಲಸದಲ್ಲಿ ಅದೇ ಅನ್ನ ಹಾಕುವುದು. ಆದರೆ ನಾನು ಮರೆಯಲಾರದ್ದು ಆ ಎರಡು ಭಾನುವಾರಗಳ ನಡುವಿನ ಬುಧವಾರ.

ಅವತ್ತು ಗೌಡರು ಮತ್ತು ನಾನು ಹಿರೇಬೆಂಡಿಗೇರಿಗೆ ಮಾತಾಡಿಸಲು ಹೋದೆವು. ಸತ್ತವರ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುವುದಕ್ಕೆ ನಮ್ಮ ಕಡೆ ಮಾತಾಡಿಸುವುದು ಅನ್ನುತ್ತಾರೆ, ಅಲ್ಲಿ 'ಬರುತ್ತೇವೆ' ಎಂದು ಹೇಳಿ ಏಳುವಂತಿಲ್ಲ. ದಾರಿಯುದ್ದಕ್ಕೂ ನಮ್ಮಿಬ್ಬರಿಗೂ ಒಂದೇ ಅಳುಕು. ಹುಡುಗಿ ಮನೆಯಲ್ಲಿ ಎಲ್ಲ ಹೇಳಿರುತ್ತಾಳೆ, ಅಪ್ಪ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾನೆ, ಏನು ಉತ್ತರ ಕೊಡುವುದು? "ನೀವ ಮೊದಲ ಮಾತಾಡ್ರಿ," ಎಂದು ಗೌಡರು ಬಸ್ಸಿನಲ್ಲಿ ಎರಡು ಸಲ ಹೇಳಿದರು.

ರೇಣುಕಾಳ ಅಪ್ಪ ನಿಂಗಪ್ಪ ಕಟ್ಟೆಯ ಮೇಲಿದ್ದವನು ಎದ್ದು ಬಂದ. "ಬರ್ರಿ, ಒಳಗ ಬರ್ರಿ," ಎಂದು ಕಂಬಳಿ ಹಾಸಿದ. ಗೋಡೆಯ ಗೂಟದಲ್ಲಿ ಅಜ್ಜನ ಕವಣೆ ಇತ್ತು, ಅದರ ಕೆಳಗೆ ರೇಣುಕಾಳ ಬಂದೂಕು. ಒಳಗಿನಿಂದ ಅಜ್ಜಿ ಯಾರು ಬಂದರೆಂದು ಕೇಳಿದರು. "ನಮ್ಮ ಕ್ಲಬ್ಬಿನವರು, ಆಯಿ. ಅಜ್ಜನ ಸುದ್ದಿ ಕೇಳಿ ಮಾತಾಡ್ಸಾಕ ಬಂದಾರ," ಎಂದಳು ರೇಣುಕಾ. ನಮ್ಮ ಕಡೆ ನೋಡದೆ ನೀರಿನ ತಂಬಿಗೆ ತಂದಿಟ್ಟಳು.

ಅವಳು ಮನೆಯಲ್ಲಿ ಏನೂ ಹೇಳಿರಲಿಲ್ಲ.

ನಿಂಗಪ್ಪ ತನ್ನ ಅಪ್ಪನ ವಿಷಯ ಹೇಳಿದ. ಕಣ್ಣು ಮಂಜಾದ ಮೇಲೂ ಮುದುಕ ಮೊಮ್ಮಗಳ ಸ್ಕೋಪಿನಲ್ಲಿ ಹೊಲದ ಗಿಳಿ ನೋಡಬೇಕೆಂದು ಹಟ ಮಾಡುತ್ತಿದ್ದನಂತೆ, ಕಂಡಿತೆಂದು ಸುಳ್ಳು ಹೇಳುತ್ತಿದ್ದನಂತೆ. ಆಮೇಲೆ ನಿಂಗಪ್ಪ ಹೇಳಿದ:

"ಖರೇ ಹೇಳ್ತೇನ್ರಿ, ಮಗಳನ್ನ ಹೊರಗ ಕಳಸಾಕ ನಂಗ ಭಾಳ ಸಂಶೇ ಇತ್ತು. ಮಂದಿ ಹೆಂಥವರಿರ್ತಾರೋ, ಏನೋ. ಅಪ್ಪ ಹೋದಮ್ಯಾಲ ಬಿಡಿಸಬೇಕಂತನ ಮಾಡಿದ್ದೆ. ಇವತ್ತ ನೀವು ಇಷ್ಟು ದೂರ ನಮ್ಮ ದುಃಖಕ್ಕ ಬಂದ್ರಿ. ನಿಮ್ಮಂಥಾವರು ಅದಾರಂದ್ರ ಇನ್ನ ನಂಗ ಸಂಶೇ ಇಲ್ರಿ."

ಗೌಡರು ಟೊಪ್ಪಿಗೆಯ ಅಂಚು ತಿರುವುತ್ತ ಕೂತರು. ಮೊದಲು ಮಾತಾಡಬೇಕಾಗಿದ್ದ ನಾನು ತಂಬಿಗೆ ಎತ್ತಿ ನೀರು ಕುಡಿದೆ. ಒಳಬಾಗಿಲ ಹತ್ತಿರ ರೇಣುಕಾ ನಿಂತಿದ್ದಳು, ಅವಳನ್ನು ನೋಡುವ ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಪದ್ಧತಿಯಂತೆ ಏನೂ ಹೇಳದೆ ಹೊರಗೆ ಬಂದೆವು. ಆ ಪದ್ಧತಿ ಇಲ್ಲದಿದ್ದರೂ ಅವತ್ತು ನಮ್ಮ ಹತ್ತಿರ ಹೇಳಲು ಏನೂ ಇರಲಿಲ್ಲ.